ಸ್ಕ್ಯಾಂಡಿನೇವಿಯಾದಲ್ಲಿ ಮೋಟಾರ್‌ಹೋಮ್ ಪ್ರವಾಸ: ವೀಸಾ, ಲೈಸೆನ್ಸ್, ಮಾರ್ಗ, ರಾತ್ರಿ ನಿಲುಗಡೆ... ಹೊರಡುವ ಮುನ್ನ ಗೊತ್ತಿರಬೇಕಾದ ಸಂಗತಿಗಳಿವು

ಬೆಳಗ್ಗೆ ಕಿಟಕಿ ತೆರೆದರೆ ಫಿಯರ್ಡ್, ಮಧ್ಯಾಹ್ನ ಸರೋವರದ ದಡದಲ್ಲಿ ಅನ್ನ-ಸಾರು, ರಾತ್ರಿ 11ಕ್ಕೂ ಕತ್ತಲಾಗದ ಆಕಾಶ. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಪಡೆದು ಸುತ್ತಿದವರ ವಿಡಿಯೊ ನೋಡಿದವರಿಗೆಲ್ಲ ಒಮ್ಮೆ ಹೋಗಬೇಕು ಅನಿಸುವುದು ಸಹಜ. ಹೋಟೆಲ್ ಬದಲಿಸುವ ಗೋಜಿಲ್ಲ, ಸೂಟ್‌ಕೇಸ್ ಎಳೆದಾಡುವ ಕೆಲಸವಿಲ್ಲ, ಸಸ್ಯಾಹಾರಿಗಳಿಗೆ ಊಟದ ಚಿಂತೆಯೂ ಇಲ್ಲ.

ಆದರೆ ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುವ ಈ ಪ್ರವಾಸ ಎರಡು ತಪ್ಪು ಲೆಕ್ಕಾಚಾರಗಳಿಂದ ಕೆಡುತ್ತದೆ. ಒಂದು, ಹತ್ತು ದಿನದಲ್ಲಿ ಮೂರು ದೇಶ ನೋಡಿ ಮುಗಿಸುವ ಆಸೆ. ಎರಡು, 'ಅಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮಲಗಬಹುದು' ಎಂಬ ನಂಬಿಕೆ. ಮೊದಲನೆಯದು ರಜೆಯನ್ನು ಡ್ರೈವಿಂಗ್ ಡ್ಯೂಟಿಯಾಗಿಸುತ್ತದೆ. ಎರಡನೆಯದು ದಂಡ ಕಟ್ಟಿಸುತ್ತದೆ. ಇವೆರಡನ್ನೂ ತಪ್ಪಿಸಿ ಪ್ಲಾನ್ ಮಾಡುವುದು ಹೇಗೆ? ಇಲ್ಲಿದೆ ಮಾಹಿತಿ.

ಯಾವ ಗಾಡಿ ಆರಿಸಬೇಕು?

ನಾರ್ವೆಯಲ್ಲಿ ಮೋಟಾರ್‌ಹೋಮ್‌ಗೆ 'ಬೂಬಿಲ್' ಎನ್ನುತ್ತಾರೆ, ಸ್ವೀಡನ್‌ನಲ್ಲಿ 'ಹೂಸ್‌ಬಿಲ್'. ಎರಡರ ಅರ್ಥವೂ ಹೆಚ್ಚುಕಡಿಮೆ 'ಮನೆ ಕಾರು'. ಬಾಡಿಗೆಗೆ ಸಿಗುವವುಗಳಲ್ಲಿ ಮುಖ್ಯವಾಗಿ ಮೂರು ಬಗೆ.

• ಕ್ಯಾಂಪರ್‌ವ್ಯಾನ್: ಉದ್ದನೆಯ ವ್ಯಾನ್ ಒಳಗೇ ಹಾಸಿಗೆ, ಒಲೆ, ಸಣ್ಣ ಶೌಚಾಲಯ. ಉದ್ದ ಸುಮಾರು 5.4ರಿಂದ 6.4 ಮೀಟರ್. ಇಬ್ಬರಿಗೆ ಸರಿ.

• ಸೆಮಿ ಇಂಟಿಗ್ರೇಟೆಡ್: ಮುಂದೆ ವ್ಯಾನ್‌ನ ಕ್ಯಾಬಿನ್, ಹಿಂದೆ ಪ್ರತ್ಯೇಕವಾಗಿ ಕಟ್ಟಿದ ಕೋಣೆ. ಉದ್ದ ಸುಮಾರು 7 ಮೀಟರ್. ಸಣ್ಣ ಕುಟುಂಬಕ್ಕೆ ಅನುಕೂಲ.

• ಆಲ್ಕೋವ್: ಚಾಲಕನ ತಲೆಯ ಮೇಲೂ ಒಂದು ಹಾಸಿಗೆ ಇರುತ್ತದೆ. ಮಕ್ಕಳಿರುವವರಿಗೆ ಇಷ್ಟವಾಗುವ ಬಗೆ. ಆದರೆ ಎತ್ತರ ಹೆಚ್ಚು, ಗಾಳಿಗೆ ತೂಗಾಡುವುದೂ ಹೆಚ್ಚು.

ಉದ್ದದ ಬಗ್ಗೆ ಮೊದಲೇ ಯೋಚಿಸಬೇಕು. ಡೆನ್ಮಾರ್ಕ್-ಸ್ವೀಡನ್ ನಡುವಿನ ಓರೆಸುಂದ್ ಸೇತುವೆಯಲ್ಲಿ 6 ಮೀಟರ್ ಒಳಗಿನ ವಾಹನಕ್ಕೆ ಒಂದು ದರ, ಅದಕ್ಕಿಂತ ಉದ್ದವಾದರೆ ಹೆಚ್ಚಿನ ದರ. ನಾರ್ವೆಯ ಫೆರಿಗಳಲ್ಲೂ ವಾಹನದ ಉದ್ದ ನೋಡಿಯೇ ಶುಲ್ಕ. ಇಬ್ಬರೇ ಹೋಗುವುದಾದರೆ 6 ಮೀಟರ್ ಒಳಗಿನ ವ್ಯಾನ್ ಸಾಕು.

ಜಾಹೀರಾತಿನಲ್ಲಿ 'ಆರು ಜನ ಮಲಗಬಹುದು' ಎಂದಿದ್ದರೆ ಆರು ಜನ ಪ್ರಯಾಣಿಸಬಹುದು ಎಂದರ್ಥವಲ್ಲ. ಸೀಟ್ ಬೆಲ್ಟ್ ಇರುವ ಆಸನಗಳು ಎಷ್ಟಿವೆ ಎಂದು ಪ್ರತ್ಯೇಕವಾಗಿ ಕೇಳಿ. ಗಾಡಿ ಓಡುವಾಗ ಹಾಸಿಗೆಯ ಮೇಲೆ ಕೂರುವಂತಿಲ್ಲ. 135 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಚೈಲ್ಡ್ ಸೀಟ್ ಬೇಕೇ ಬೇಕು. ಅದನ್ನು ಬುಕಿಂಗ್ ಸಮಯದಲ್ಲೇ ಹೇಳಿಡಿ.

3,500 ಕೆ.ಜಿ. ಎಂಬ ಗೆರೆ

ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ಮೋಟಾರು ವಾಹನ (ಎಲ್‌ಎಂವಿ) ಎಂದರೆ 7,500 ಕೆ.ಜಿ.ವರೆಗಿನ ಗಾಡಿ. ಯುರೋಪಿನಲ್ಲಿ ಕಾರಿನ ಲೈಸೆನ್ಸ್ ಅಂದರೆ 'ಬಿ' ವರ್ಗ. ಅದರ ಮಿತಿ 3,500 ಕೆ.ಜಿ. ನಮ್ಮ ಎಲ್‌ಎಂವಿ ಲೈಸೆನ್ಸ್‌ ಅನ್ನು ಅಲ್ಲಿ ಈ 'ಬಿ' ವರ್ಗದಂತೆಯೇ ನೋಡುತ್ತಾರೆ. ಹಾಗಾಗಿ 3.5 ಟನ್ ದಾಟಿದ ಮೋಟಾರ್‌ಹೋಮ್ ಬೇಡ.

ಈ 3,500 ಕೆ.ಜಿ. ಖಾಲಿ ಗಾಡಿಯ ತೂಕವಲ್ಲ. ಜನ, ಸಾಮಾನು, ನೀರು ಎಲ್ಲ ಸೇರಿದ ಒಟ್ಟು ತೂಕದ ಮಿತಿ. ಒಂದು ಲೆಕ್ಕ ಹಾಕೋಣ. ಚಾಲಕ ಮತ್ತು ಡೀಸೆಲ್ ಸೇರಿ ಗಾಡಿಯ ತೂಕ 3,000 ಕೆ.ಜಿ. ಎಂದುಕೊಂಡರೆ ಉಳಿಯುವುದು 500 ಕೆ.ಜಿ. ಇನ್ನೂ ಮೂವರು ಪ್ರಯಾಣಿಕರಿಗೆ 210, ನಾಲ್ವರ ಬ್ಯಾಗ್‌ಗಳಿಗೆ 80, ಟ್ಯಾಂಕ್ ತುಂಬಿಸಿದ 100 ಲೀಟರ್ ನೀರಿಗೆ 100, ಹಾಸಿಗೆ-ಪಾತ್ರೆ-ಕುರ್ಚಿಗೆ 60. ಅಲ್ಲಿಗೇ 450 ಕೆ.ಜಿ. ಆಯಿತು. ದಿನಸಿಗೆ ಉಳಿದದ್ದು 50 ಕೆ.ಜಿ. ಮಾತ್ರ. ಮಿತಿ ಮೀರಿದ್ದು ರಸ್ತೆಯ ತಪಾಸಣೆಯಲ್ಲಿ ಗೊತ್ತಾದರೆ ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ. ಬಾಡಿಗೆ ಕಂಪನಿಗೆ ಕೇಳಲೇಬೇಕಾದ ಪ್ರಶ್ನೆ: 'ಈ ಗಾಡಿಯಲ್ಲಿ ಎಷ್ಟು ಕೆ.ಜಿ. ಹೇರಬಹುದು?'

ಯಾವಾಗ ಹೋಗಬೇಕು?

ನಮ್ಮ ಶಾಲಾ ರಜೆಗೂ ಅಲ್ಲಿನ ಬೇಸಿಗೆಗೂ ತಾಳೆಯಾಗುವುದಿಲ್ಲ. ಏಪ್ರಿಲ್-ಮೇ ನಮಗೆ ರಜೆ. ನಾರ್ವೆಯ ಎತ್ತರದ ಘಾಟಿ ರಸ್ತೆಗಳಲ್ಲಿ ಆಗ ಇನ್ನೂ ಹಿಮ. 11 ಹೇರ್‌ಪಿನ್ ತಿರುವುಗಳ ಟ್ರೋಲ್‌ಸ್ಟಿಗೆನ್, 1,434 ಮೀಟರ್ ಎತ್ತರಕ್ಕೆ ಏರುವ ಸೋಗ್ನೆಫ್ಯೆಲ್, ಔರ್‌ಲಾಂಡ್ಸ್‌ಫ್ಯೆಲೆಟ್‌ನ 'ಹಿಮದ ರಸ್ತೆ' ಇವೆಲ್ಲ ಚಳಿಗಾಲದಲ್ಲಿ ಮುಚ್ಚಿರುತ್ತವೆ. ಹಿಮ ತೆರವಾಗುವುದನ್ನು ಅವಲಂಬಿಸಿ ಮೇ ಕೊನೆ ಅಥವಾ ಜೂನ್ ಹೊತ್ತಿಗೆ ತೆರೆಯುತ್ತವೆ. ಬಂಡೆ ಕುಸಿತದ ಭೀತಿಯಿಂದ ನಡುಬೇಸಿಗೆಯಲ್ಲೂ ಮುಚ್ಚುವುದುಂಟು. 2024ರಲ್ಲಿ ಟ್ರೋಲ್‌ಸ್ಟಿಗೆನ್‌ಗೆ ಆದದ್ದು ಅದೇ.

ಹಾಗಾದರೆ ಏನು ಮಾಡಬಹುದು?

• ದೆಹಲಿಯವರಿಗೆ ಜೂನ್ ಪೂರ್ತಿ ರಜೆ ಇರುವುದರಿಂದ ಜೂನ್ 10ರ ನಂತರ ನಾರ್ವೆ ಇಟ್ಟುಕೊಳ್ಳಬಹುದು.

• ಮುಂಬೈ, ಪುಣೆಯ ರಾಜ್ಯ ಪಠ್ಯಕ್ರಮದ ಶಾಲೆಗಳು ಸಾಮಾನ್ಯವಾಗಿ ಜೂನ್ ಮಧ್ಯದಲ್ಲಿ ಶುರುವಾಗುತ್ತವೆ. ಜೂನ್ ಮೊದಲ ವಾರ ಹೋಗುವವರು ಘಾಟಿ ಮುಚ್ಚಿದ್ದರೆ ಬಳಸುವ ಬದಲಿ ದಾರಿಯನ್ನೂ ಗುರುತು ಹಾಕಿಕೊಳ್ಳಬೇಕು.

• ಚೆನ್ನೈ, ಹೈದರಾಬಾದ್‌ನಲ್ಲಿದ್ದು ಮೇ ತಿಂಗಳೊಳಗೇ ಮುಗಿಸಬೇಕು ಎನ್ನುವವರಿಗೆ ಡೆನ್ಮಾರ್ಕ್ ಮತ್ತು ದಕ್ಷಿಣ ಸ್ವೀಡನ್ ಒಳ್ಳೆಯ ಆಯ್ಕೆ. ಬಯಲು ಸೀಮೆ, ಘಾಟಿ ಇಲ್ಲ. ಕೋಪನ್‌ಹೇಗನ್‌ನಿಂದ ಸುಣ್ಣದ ಕಲ್ಲಿನ ಬಿಳಿ ಕಡಿದಾದ ದಡಗಳ ಮೋನ್ಸ್ ಕ್ಲಿಂಟ್, ಡೆನ್ಮಾರ್ಕ್‌ನ ಅತ್ಯಂತ ಹಳೆಯ ಪಟ್ಟಣ ರೀಬೆ, ಎರಡು ಸಮುದ್ರ ಸೇರುವ ಸ್ಕಾಗೆನ್. ಇಲ್ಲವೇ ಓರೆಸುಂದ್ ದಾಟಿ ಸ್ವೀಡನ್‌ನ ಕಾಲ್ಮಾರ್ ಮತ್ತು ಓಲಾಂಡ್ ದ್ವೀಪ.

• ಮಕ್ಕಳ ಶಾಲೆಯ ಹಂಗಿಲ್ಲದವರಿಗೆ ಆಗಸ್ಟ್ ಕೊನೆ-ಸೆಪ್ಟೆಂಬರ್ ಮೊದಲ ವಾರ ಸೂಕ್ತ. ಬಾಡಿಗೆ ಇಳಿದಿರುತ್ತದೆ, ಘಾಟಿಗಳು ತೆರೆದಿರುತ್ತವೆ, ಜನಸಂದಣಿ ಕಡಿಮೆ.

ಜುಲೈ ನಾರ್ವೆಯವರಿಗೇ ರಜೆಯ ತಿಂಗಳು. ಫಿಯರ್ಡ್ ದಡದ ಕ್ಯಾಂಪಿಂಗ್ ಜಾಗಗಳು ಸಂಜೆ ಹೊತ್ತಿಗೆ ಭರ್ತಿಯಾಗುತ್ತವೆ. ಮಧ್ಯರಾತ್ರಿಯ ಸೂರ್ಯನನ್ನೇ ನೋಡಬೇಕೆಂದರೆ ಆರ್ಕ್‌ಟಿಕ್ ವೃತ್ತ ದಾಟಬೇಕು. ಉತ್ತರ ತುದಿಯ ನೂರ್‌ಕಾಪ್‌ನಲ್ಲಿ ಮೇ ಮಧ್ಯದಿಂದ ಜುಲೈ ಕೊನೆವರೆಗೆ ಸೂರ್ಯ ಮುಳುಗುವುದಿಲ್ಲ.

ವೀಸಾ: ಹೆಚ್ಚು ರಾತ್ರಿ ಎಲ್ಲಿ?

ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ. ಆದರೂ ಮೂರೂ ದೇಶಗಳು ಷೆಂಗೆನ್ ವಲಯದಲ್ಲಿವೆ. ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎನ್ನುವುದನ್ನು ವಿಮಾನ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ನಿರ್ಧರಿಸುವುದಿಲ್ಲ. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ಕೋಪನ್‌ಹೇಗನ್‌ನಲ್ಲಿ ಇಳಿದು ಡೆನ್ಮಾರ್ಕ್‌ನಲ್ಲಿ 2, ಸ್ವೀಡನ್‌ನಲ್ಲಿ 3, ನಾರ್ವೆಯಲ್ಲಿ 9 ರಾತ್ರಿ ಕಳೆಯುವುದಾದರೆ ಅರ್ಜಿ ನಾರ್ವೆಗೆ. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ.

• ಪ್ರವಾಸಕ್ಕೆ 6 ತಿಂಗಳು ಮೊದಲಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ಕೊನೆ ಗಳಿಗೆಗೆ ಬಿಡಬೇಡಿ.

• ವೀಸಾ ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಸೇವಾ ಕೇಂದ್ರದ ಶುಲ್ಕ ಪ್ರತ್ಯೇಕ.

• ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ.

• ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು.

ಅರ್ಜಿಯಲ್ಲಿ ವಾಸ್ತವ್ಯದ ವಿವರ ಕೇಳುತ್ತಾರೆ. 'ಗಾಡಿಯಲ್ಲೇ ಮಲಗುತ್ತೇವೆ' ಎಂದು ಒಂದು ಸಾಲು ಬರೆದರೆ ಸಾಲದು. ಮೋಟಾರ್‌ಹೋಮ್ ಬಾಡಿಗೆಯ ದೃಢೀಕರಣ ಪತ್ರ, ದಿನವಾರು ಮಾರ್ಗ, ರದ್ದು ಮಾಡಲು ಅವಕಾಶವಿರುವ ಕ್ಯಾಂಪಿಂಗ್ ಬುಕಿಂಗ್‌ಗಳನ್ನು ಜೊತೆಗಿಡಿ. ಇದು ವೀಸಾ ಅಧಿಕಾರಿಗಾಗಿ ಮಾಡುವ ಕೆಲಸ ಅನಿಸಿದರೂ ನಿಮ್ಮ ಪ್ಲಾನ್ ಗಟ್ಟಿಯಾಗುವುದೂ ಇಲ್ಲೇ. ಷೆಂಗೆನ್ ಗಡಿಯಲ್ಲಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಜಾರಿಗೆ ಬಂದಿದ್ದು, ಮುಖ ಮತ್ತು ಬೆರಳಚ್ಚು ದಾಖಲಿಸಿಕೊಳ್ಳುತ್ತಾರೆ. ಮೊದಲ ಸಲ ಹೋಗುವವರು ವಿಮಾನ ಬದಲಿಸುವ ಊರಿನಲ್ಲಿ ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಿ.

ಲೈಸೆನ್ಸ್ ಮತ್ತು ಐಡಿಪಿ

ಭಾರತದ ಲೈಸೆನ್ಸ್‌ನಲ್ಲಿ ಪ್ರವಾಸಿಗರು ನಾರ್ವೆಯಲ್ಲಿ ಮೂರು ತಿಂಗಳವರೆಗೆ ಗಾಡಿ ಓಡಿಸಬಹುದು. ಲೈಸೆನ್ಸ್‌ನಲ್ಲಿ ಭಾವಚಿತ್ರ ಇರಬೇಕು, ವಿವರಗಳು ಇಂಗ್ಲಿಷ್ ಅಕ್ಷರದಲ್ಲಿರಬೇಕು. ಕಾನೂನು ಇಷ್ಟೇ ಕೇಳಿದರೂ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ (ಐಡಿಪಿ) ಮಾಡಿಸಿಕೊಂಡೇ ಹೋಗಿ. ಬಾಡಿಗೆ ಕಂಪನಿಗಳು ಕೇಳುವ ಸಾಧ್ಯತೆ ಹೆಚ್ಚು. ಅದಿಲ್ಲದೆ ಕೌಂಟರ್‌ನಲ್ಲಿ ಕೀಲಿ ಸಿಗದಿದ್ದರೆ ಇಡೀ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ವಿಳಾಸದ ವ್ಯಾಪ್ತಿಯ ಆರ್‌ಟಿಒದಲ್ಲಿ, ಸಾರಥಿ ಪೋರ್ಟಲ್ ಮೂಲಕ ಫಾರ್ಮ್ 4ಎ ತುಂಬಿ ಅರ್ಜಿ ಹಾಕಬೇಕು. ಶುಲ್ಕ 1,000 ರೂ., ಅವಧಿ ಒಂದು ವರ್ಷ. ಕರ್ನಾಟಕದಲ್ಲಿ ಪಡೆದ ಲೈಸೆನ್ಸ್ ಇಟ್ಟುಕೊಂಡು ಮುಂಬೈಯಲ್ಲೋ ಹೈದರಾಬಾದ್‌ನಲ್ಲೋ ಇರುವವರು ವಿಳಾಸ ಬದಲಾವಣೆಯ ಕೆಲಸವನ್ನು ಎರಡು-ಮೂರು ತಿಂಗಳು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಐಡಿಪಿ ಜೊತೆಗೆ ಮೂಲ ಲೈಸೆನ್ಸ್ ಕೂಡ ಕೈಯಲ್ಲಿರಬೇಕು. ಚಾಲಕನ ಕನಿಷ್ಠ ವಯಸ್ಸು, ಲೈಸೆನ್ಸ್ ಪಡೆದು ಎಷ್ಟು ವರ್ಷವಾಗಿರಬೇಕು ಎಂಬ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆ. ಠೇವಣಿಗೆ ಚಾಲಕನ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುವುದು ಸಾಮಾನ್ಯ.

ದಿನಕ್ಕೆ ಎಷ್ಟು ಕಿಲೋಮೀಟರ್?

ಓಸ್ಲೋದಿಂದ ನೂರ್‌ಕಾಪ್‌ಗೆ ಸುಮಾರು 2,000 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹೋದಷ್ಟು. ಹೋಗಿ ಬರಲು 4,000 ಕಿ.ಮೀ. ಹತ್ತು ದಿನದಲ್ಲಿ ಮುಗಿಸಬೇಕೆಂದರೆ ದಿನಕ್ಕೆ 400 ಕಿ.ಮೀ. ನಾರ್ವೆಯಲ್ಲಿ ಊರಿನ ಹೊರಗೆ ಸಾಮಾನ್ಯ ವೇಗಮಿತಿಯೇ 80. ತಿರುವು, ಸುರಂಗ, ಫೆರಿ ಎಲ್ಲ ಸೇರಿ ಸರಾಸರಿ ಗಂಟೆಗೆ 50-60 ಕಿ.ಮೀ. ಸಿಕ್ಕರೆ ಹೆಚ್ಚು. ಅಂದರೆ ಪ್ರತಿದಿನ ಏಳೆಂಟು ಗಂಟೆ ಸ್ಟಿಯರಿಂಗ್ ಹಿಂದೆ. ಇದನ್ನು ಪ್ರವಾಸ ಎನ್ನಲಾಗದು.

ಫಿಯರ್ಡ್ ಸೀಮೆಯಲ್ಲಿ ದಿನಕ್ಕೆ 100ರಿಂದ 180 ಕಿ.ಮೀ. ಮಿತಿ ಹಾಕಿಕೊಳ್ಳಿ. ಪ್ರತಿ ಮೂರ್ನಾಲ್ಕು ದಿನಕ್ಕೆ ಒಂದು ದಿನ ಗಾಡಿ ಅಲುಗಾಡಿಸದೆ ಒಂದೇ ಕಡೆ ಉಳಿಯಿರಿ. ಉತ್ತರದ ಲೊಫೊಟೆನ್, ನೂರ್‌ಕಾಪ್ ಬೇಕೇ ಬೇಕೆನ್ನುವವರು ಓಸ್ಲೋದಿಂದ ಓಡಿಸುವ ಬದಲು ಬೂಡೊ ಅಥವಾ ಟ್ರೊಮ್ಸೊವರೆಗೆ ವಿಮಾನದಲ್ಲಿ ಹೋಗಿ, ಅಲ್ಲೇ ಬಾಡಿಗೆ ಗಾಡಿ ಹುಡುಕುವುದು ವಾಸಿ.

10 ದಿನದ ಒಂದು ಮಾದರಿ ಸುತ್ತು

ಓಸ್ಲೋದಲ್ಲಿ ಶುರುವಾಗಿ ಓಸ್ಲೋದಲ್ಲೇ ಮುಗಿಯುವ ಈ ಸುತ್ತು ಒಟ್ಟು ಸುಮಾರು 1,100 ಕಿ.ಮೀ. ವಿಮಾನ ಇಳಿದ ದಿನವೇ ಗಾಡಿ ತೆಗೆದುಕೊಳ್ಳಬೇಡಿ. ಒಂದು ರಾತ್ರಿ ಹೋಟೆಲ್‌ನಲ್ಲಿ ನಿದ್ದೆ ಮಾಡಿ. ಬೇಸಿಗೆಯಲ್ಲಿ ಭಾರತಕ್ಕೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ.

ದಿನ 1: ಓಸ್ಲೋ ವಿಮಾನ ನಿಲ್ದಾಣದ ಬಳಿ ಗಾಡಿ ಪಡೆದು, ದಿನಸಿ ತುಂಬಿಸಿ, ದೇಶದ ಅತಿದೊಡ್ಡ ಸರೋವರ ಮ್ಯೋಸಾದ ದಡದಲ್ಲಿ ಲಿಲ್ಲೆಹಾಮರ್‌ಗೆ (ಸುಮಾರು 140 ಕಿ.ಮೀ.). 1994ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ನೇರ ಹೆದ್ದಾರಿ ಇರುವುದರಿಂದ ಗಾಡಿಗೆ ಕೈ ಹೊಂದಿಸಿಕೊಳ್ಳಲು ಅನುಕೂಲ.

ದಿನ 2: ಒಟ್ಟಾ ಮೂಲಕ ಲೋಮ್‌ಗೆ (180 ಕಿ.ಮೀ.). 12ನೇ ಶತಮಾನದ ಮರದ ಚರ್ಚ್ ಇಲ್ಲಿದೆ.

ದಿನ 3: ಲೋಮ್‌ನಿಂದ ಗೈರಾಂಗರ್‌ಗೆ (100 ಕಿ.ಮೀ.). ಕೊನೆಯ ಇಳಿಜಾರು ಕಡಿದಾದದ್ದು. ಸಣ್ಣ ಗೇರ್‌ನಲ್ಲೇ ಇಳಿಯಿರಿ.

ದಿನ 4: ಅಲ್ಲೇ ಬಿಡಾರ. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಗೈರಾಂಗರ್ ಫಿಯರ್ಡ್‌ನಲ್ಲಿ ದೋಣಿ ವಿಹಾರ, ನಡಿಗೆ.

ದಿನ 5: ಸ್ಟ್ರಿನ್ ದಾಟಿ ಲೂಯೆನ್‌ಗೆ (85 ಕಿ.ಮೀ.).

ದಿನ 6: ಫ್ಯಾರ್‌ಲಾಂಡ್ ಮೂಲಕ ಸೋಗ್ನ್‌ಡಾಲ್‌ಗೆ (130 ಕಿ.ಮೀ.). ಯುರೋಪ್ ಮುಖ್ಯಭೂಮಿಯ ಅತಿದೊಡ್ಡ ಹಿಮನದಿ ಯೂಸ್ಟೆಡಾಲ್ಸ್‌ಬ್ರೀನ್‌ನ ಮಗ್ಗುಲಲ್ಲೇ ದಾರಿ.

ದಿನ 7: ಮನ್‌ಹೆಲ್ಲರ್-ಫೊಡ್ನೆಸ್ ಫೆರಿ ದಾಟಿ, ಲ್ಯಾರ್‌ಡಾಲ್ ಸುರಂಗದ ಮೂಲಕ ಫ್ಲೋಮ್‌ಗೆ (70 ಕಿ.ಮೀ.). 2000ದಲ್ಲಿ ತೆರೆದ ಈ ಸುರಂಗದ ಉದ್ದ 24.5 ಕಿ.ಮೀ.; ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಚಾಲಕರಿಗೆ ಮಂಪರು ಕವಿಯದಿರಲೆಂದು ಒಳಗೆ ಮೂರು ಕಡೆ ನೀಲಿ ಬೆಳಕಿನ ವಿಶಾಲ ಗುಹೆಗಳನ್ನು ಮಾಡಿದ್ದಾರೆ.

ದಿನ 8: ಗಾಡಿಗೆ ರಜೆ. 20 ಕಿ.ಮೀ. ಉದ್ದದ ಫ್ಲೋಮ್ ರೈಲಿನಲ್ಲಿ ಮಿರ್‌ಡಾಲ್‌ವರೆಗೆ ಹೋಗಿ ಬನ್ನಿ.

ದಿನ 9: ಹವೆ ಚೆನ್ನಾಗಿದ್ದರೆ ಔರ್‌ಲಾಂಡ್‌ನಿಂದ 'ಹಿಮದ ರಸ್ತೆ'ಯಲ್ಲಿ ಬೆಟ್ಟ ಹತ್ತಿ ಲ್ಯಾರ್‌ಡಾಲ್‌ಗೆ, ಅಲ್ಲಿಂದ ಬೋರ್ಗುಂದ್ ಮರದ ಚರ್ಚ್ ನೋಡಿಕೊಂಡು ಗೋಲ್‌ಗೆ (170 ಕಿ.ಮೀ.). ಔರ್‌ಲಾಂಡ್ ಕಡೆಯ ಏರು ಬಹಳ ಕಿರಿದು. ಎದುರಿಗೆ ಬಸ್ ಬಂದರೆ ಹಿಂದಕ್ಕೆ ತೆಗೆಯಬೇಕಾಗುತ್ತದೆ. ಏಳು ಮೀಟರ್ ಗಾಡಿಯಲ್ಲಿ ಅದು ಕಷ್ಟ ಅನಿಸಿದರೆ ಸುರಂಗದಲ್ಲೇ ವಾಪಸಾಗಿ.

ದಿನ 10: ಗೋಲ್‌ನಿಂದ ಓಸ್ಲೋ (200 ಕಿ.ಮೀ.). ಗಾಡಿ ಹಿಂದಿರುಗಿಸುವ ಮುನ್ನ ತೊಟ್ಟಿ ಖಾಲಿ ಮಾಡಿ, ಒಳಗೆ ಗುಡಿಸಿ, ಡೀಸೆಲ್ ತುಂಬಿಸಲು ಎರಡು ಗಂಟೆ ಬೇಕು.

ರಾತ್ರಿ ಎಲ್ಲಿ ನಿಲ್ಲಿಸಬಹುದು?

ನಾರ್ವೆ ಮತ್ತು ಸ್ವೀಡನ್‌ನಲ್ಲಿ 'ಅಲ್ಲೆಮನ್ಸ್‌ರೆಟ್ಟೆನ್' ಎಂಬ ಹಕ್ಕಿದೆ. ಖಾಸಗಿ ಒಡೆತನದ ಕಾಡು, ಬೆಟ್ಟ, ದಡಗಳಲ್ಲೂ ಯಾರು ಬೇಕಾದರೂ ನಡೆದಾಡಬಹುದು, ಹಣ್ಣು-ಅಣಬೆ ಆರಿಸಬಹುದು, ಡೇರೆ ಹಾಕಬಹುದು. ನಾರ್ವೆಯಲ್ಲಿ 1957ರ ಕಾಯ್ದೆ ಇದಕ್ಕೆ ಆಧಾರ. ಜನವಸತಿ ಇರುವ ಮನೆಯಿಂದ 150 ಮೀಟರ್ ದೂರವಿರಬೇಕು. ಎರಡು ರಾತ್ರಿಗಿಂತ ಹೆಚ್ಚು ಒಂದೇ ಕಡೆ ಇರಬೇಕಾದರೆ ಸಾಮಾನ್ಯವಾಗಿ ಜಮೀನಿನ ಮಾಲೀಕರನ್ನು ಕೇಳಬೇಕು.

ಈ ಹಕ್ಕು ಕಾಲ್ನಡಿಗೆಯವರಿಗೆ, ಗಾಡಿಗಲ್ಲ. ಇದೊಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಮುಗಿಯಿತು. ರಸ್ತೆ ಬಿಟ್ಟು ಹುಲ್ಲುಗಾವಲಿಗೋ ಕಾಡಿನೊಳಕ್ಕೋ ಮೋಟಾರು ವಾಹನ ಇಳಿಸುವುದನ್ನು ಎರಡೂ ದೇಶಗಳ ಪ್ರತ್ಯೇಕ ಕಾನೂನುಗಳು ನಿರ್ಬಂಧಿಸುತ್ತವೆ. ಡೆನ್ಮಾರ್ಕ್‌ನಲ್ಲಿ ಇಂಥ ಹಕ್ಕೇ ಇಲ್ಲ.

ಹಾಗಾದರೆ ಉಳಿಯುವ ದಾರಿಗಳು ಇವು:

• ಕ್ಯಾಂಪಿಂಗ್ ಜಾಗಗಳು: ವಿದ್ಯುತ್, ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಯಂತ್ರ, ಅಡುಗೆಕೋಣೆ ಇರುತ್ತವೆ. ಮಕ್ಕಳಿದ್ದರೆ ಇದೇ ವಾಸಿ.

• ಮೋಟಾರ್‌ಹೋಮ್ ನಿಲುಗಡೆ ತಾಣಗಳು: ಬಂದರು, ಪಟ್ಟಣಗಳ ಅಂಚಿನಲ್ಲಿ ಸರಳ ಸೌಲಭ್ಯ, ಕಡಿಮೆ ದರ.

• ರಸ್ತೆಬದಿಯ ವಿಶ್ರಾಂತಿ ತಾಣಗಳು: ಸ್ವೀಡನ್‌ನಲ್ಲಿ ಬೇರೆ ಫಲಕ ಇಲ್ಲದಿದ್ದರೆ ಸಾಮಾನ್ಯವಾಗಿ 24 ಗಂಟೆ ನಿಲ್ಲಬಹುದು. ನಾರ್ವೆಯಲ್ಲಿ ನಿಷೇಧದ ಫಲಕ ಇದೆಯೇ ಎಂದು ಮೊದಲು ನೋಡಿ. ಲೊಫೊಟೆನ್‌ನಂಥ ಜನಪ್ರಿಯ ಜಾಗಗಳಲ್ಲಿ ಇಂಥ ಫಲಕಗಳು ಸಾಕಷ್ಟಿವೆ. ನಿಲ್ಲಲು ಅವಕಾಶವಿದ್ದರೂ ಕುರ್ಚಿ-ಮೇಜು ಹೊರಗಿಟ್ಟು ಬಿಡಾರ ಹೂಡುವುದು ಬೇರೆ ಮಾತು.

ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಮತ್ತು ಕಾಡಿನ ಹತ್ತಿರ ಬೆಂಕಿ ಹಾಕುವುದಕ್ಕೆ ನಿಷೇಧವಿದೆ ಎಂಬುದೂ ಗಮನದಲ್ಲಿರಲಿ.

ನೀರು, ಶೌಚ, ವಿದ್ಯುತ್: ದಿನದ ಕೆಲಸಗಳು

ಮೋಟಾರ್‌ಹೋಮ್‌ನಲ್ಲಿ ಕುಡಿಯುವ ನೀರಿಗೊಂದು ಟ್ಯಾಂಕ್, ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ ಇನ್ನೊಂದು, ಶೌಚಕ್ಕೆ ಹೊರಗೆ ಎಳೆದು ತೆಗೆಯಬಹುದಾದ ಪೆಟ್ಟಿಗೆ. ಕುಟುಂಬವಾದರೆ ಶೌಚದ ಪೆಟ್ಟಿಗೆಯನ್ನು ಎರಡು ದಿನಕ್ಕೊಮ್ಮೆಯಾದರೂ ಖಾಲಿ ಮಾಡಬೇಕು. ಇದಕ್ಕೆಂದೇ ಇರುವ ಕೇಂದ್ರಗಳು ಕ್ಯಾಂಪಿಂಗ್ ಜಾಗಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ, ಹೆದ್ದಾರಿ ಬದಿಯಲ್ಲಿ ಸಿಗುತ್ತವೆ. ಚರಂಡಿಗೆ, ಕಾಡಿಗೆ ಸುರಿಯುವಂತಿಲ್ಲ. ಬಳಸಿದ ನೀರಿಗೂ ಇದೇ ನಿಯಮ.

ಮಾರ್ಗ ಹಾಕುವಾಗ ನೋಡುವ ಜಾಗಗಳ ಜೊತೆಗೆ 'ಇವತ್ತು ಎಲ್ಲಿ ಖಾಲಿ ಮಾಡುತ್ತೇವೆ, ಎಲ್ಲಿ ತುಂಬಿಸುತ್ತೇವೆ' ಎಂದೂ ಬರೆದುಕೊಳ್ಳಿ. ಎರಡು ರಾತ್ರಿ ಸರಳ ತಾಣ, ಮೂರನೇ ರಾತ್ರಿ ಪೂರ್ಣ ಸೌಲಭ್ಯದ ಕ್ಯಾಂಪಿಂಗ್ ಎಂದು ಹಂಚಿಕೊಂಡರೆ ಖರ್ಚೂ ಉಳಿಯುತ್ತದೆ, ಕೆಲಸವೂ ಸಾಗುತ್ತದೆ. ಗಾಡಿ ಹಸ್ತಾಂತರದ ಹೊತ್ತಿನಲ್ಲಿ ಸಿಬ್ಬಂದಿ ಈ ಎಲ್ಲವನ್ನೂ ತೋರಿಸುತ್ತಾರೆ. ಅದನ್ನು ಫೋನ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಗಾಡಿಯ ಮೇಲಿರುವ ಗೀರು, ತಗ್ಗುಗಳ ಫೋಟೊ ತೆಗೆದಿಡಿ. ಛಾವಣಿಗೆ, ಗಾಡಿಯ ತಳಕ್ಕೆ ಆದ ಹಾನಿಗೆ ವಿಮೆ ಇದೆಯೇ ಎಂದು ವಿಚಾರಿಸಿ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿ.

ರಸ್ತೆಯಲ್ಲಿ ಗಮನಿಸಬೇಕಾದದ್ದು

• ಬಲಗಡೆ ಚಾಲನೆ, ಸ್ಟಿಯರಿಂಗ್ ಎಡಗಡೆ. ವೃತ್ತದಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಆದ್ಯತೆ.

• ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು.

• ರಕ್ತದಲ್ಲಿ ಮದ್ಯದ ಮಿತಿ ನಾರ್ವೆ, ಸ್ವೀಡನ್‌ನಲ್ಲಿ 100 ಮಿ.ಲೀ.ಗೆ 20 ಮಿ.ಗ್ರಾಂ. ಭಾರತದ 30 ಮಿ.ಗ್ರಾಂ.ಗಿಂತಲೂ ಬಿಗಿ. ಓಡಿಸುವವರು ಬಿಯರ್ ಕೂಡ ಮುಟ್ಟಬಾರದು.

• ಕಿರಿದಾದ ರಸ್ತೆಗಳಲ್ಲಿ 'ಎಂ' ಅಕ್ಷರದ ನೀಲಿ ಫಲಕ ಇರುವ ಜಾಗ ಎದುರು ವಾಹನಕ್ಕೆ ದಾರಿ ಬಿಡಲು. ಫೋಟೊಗೆಂದು ಅಲ್ಲಿ ನಿಲ್ಲಿಸಬೇಡಿ. ಹಿಂದೆ ಸಾಲು ಬೆಳೆದರೆ ಅಲ್ಲಿ ಬದಿಗೆ ಸರಿದು ಮುಂದೆ ಬಿಡಿ.

• ನಾರ್ವೆಯ ಟೋಲ್‌ಗಳಲ್ಲಿ ಗೇಟ್ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್‌ನ ದಟ್ಟಣೆ ತೆರಿಗೆಯೂ ಹಾಗೆಯೇ. ಬಿಲ್ ಬಾಡಿಗೆ ಕಂಪನಿಯ ಮೂಲಕ ಆಮೇಲೆ ಬರುತ್ತದೆ.

• ಫೆರಿ ಹತ್ತುವಾಗ ಅಡುಗೆ ಅನಿಲದ ವಾಲ್ವ್ ಮುಚ್ಚಿ.

• ಹಿಮಸಾರಂಗ, ಮೂಸ್, ಕುರಿಗಳು ರಸ್ತೆಗೆ ಬರುತ್ತವೆ. ಪ್ರಾಣಿಗೆ ಡಿಕ್ಕಿಯಾದರೆ ಪೊಲೀಸರಿಗೆ ತಿಳಿಸಬೇಕು.

• ತುರ್ತು ಸಂಖ್ಯೆ 112. ನಾರ್ವೆಯಲ್ಲಿ ಆಂಬುಲೆನ್ಸ್‌ಗೆ 113, ಅಗ್ನಿಶಾಮಕಕ್ಕೆ 110.

• ನಾರ್ವೆಯ ರಸ್ತೆ ಮುಚ್ಚಿದೆಯೇ ತೆರೆದಿದೆಯೇ ಎಂದು ತಿಳಿಯಲು ಅಲ್ಲಿನ ರಸ್ತೆ ಇಲಾಖೆಯ ತಾಣ ಅಥವಾ 175 ಸಂಖ್ಯೆ. ಹವಾಮಾನಕ್ಕೆ 'ವೈಆರ್' (Yr) ಆ್ಯಪ್. ದಿನಾ ಬೆಳಗ್ಗೆ ಎರಡನ್ನೂ ನೋಡಿಯೇ ಹೊರಡಿ.

ಊಟ: ಏನು ಒಯ್ಯಬಹುದು, ಏನು ಬೇಡ?

ಭಾರತದಿಂದ ಮಾಂಸ ಮತ್ತು ಹಾಲಿನ ಉತ್ಪನ್ನ ಒಯ್ಯಲು ಅವಕಾಶವಿಲ್ಲ. ಅಂದರೆ ತುಪ್ಪ, ಪೇಡ, ಪನೀರ್ ಬೇಡ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ತರಕಾರಿಯನ್ನೂ ಬಿಡಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ, ಹುಣಸೆಹಣ್ಣಿನ ಪೇಸ್ಟ್‌ನಂಥವು ಸಾಕು. ಪ್ಯಾಕೆಟ್ ಮೇಲೆ ಇಂಗ್ಲಿಷ್‌ನಲ್ಲಿ ಹೆಸರಿರಲಿ.

ಅಕ್ಕಿ, ಬೇಳೆ, ಮೊಸರು, ತರಕಾರಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ನಾರ್ವೆಯಲ್ಲಿ ರೇಮಾ 1000, ಕಿವಿ, ಕೂಪ್. ಸ್ವೀಡನ್‌ನಲ್ಲಿ ಇಕಾ, ವಿಲ್ಲಿಸ್. ನಾರ್ವೆಯಲ್ಲಿ ಭಾನುವಾರ ಹೆಚ್ಚಿನ ದಿನಸಿ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಖರೀದಿ ಮುಗಿಸಿ. ನಲ್ಲಿ ನೀರು ಕುಡಿಯಲು ಯೋಗ್ಯ. ಗಾಡಿಯೊಳಗೆ ಒಗ್ಗರಣೆ ಹಾಕುವ ಮುನ್ನ ಕಿಟಕಿ ಮತ್ತು ಛಾವಣಿಯ ಗಾಳಿಗಂಡಿ ತೆರೆಯಿರಿ. ಇಲ್ಲದಿದ್ದರೆ ಹೊಗೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ, ಹಾಸಿಗೆಗೂ ಸಾಸಿವೆ-ಇಂಗಿನ ವಾಸನೆ ಹಿಡಿಯುತ್ತದೆ.

ಖರ್ಚಿನ ಲೆಕ್ಕ

ಲೆಕ್ಕದ ಅನುಕೂಲಕ್ಕೆ 1 ನಾರ್ವೇಜಿಯನ್ ಕ್ರೋನ್‌ಗೆ 9 ರೂ., ಡೀಸೆಲ್ ಲೀಟರಿಗೆ 20 ಕ್ರೋನ್, ಗಾಡಿಯ ಬಾಡಿಗೆ ದಿನಕ್ಕೆ 2,000 ಕ್ರೋನ್, ಕ್ಯಾಂಪಿಂಗ್ ರಾತ್ರಿಗೆ 400 ಕ್ರೋನ್ ಎಂದು ಹಿಡಿಯೋಣ. ಮೋಟಾರ್‌ಹೋಮ್‌ಗಳು 100 ಕಿ.ಮೀ.ಗೆ 9ರಿಂದ 12 ಲೀಟರ್ ಡೀಸೆಲ್ ಕುಡಿಯುತ್ತವೆ. ಇಲ್ಲಿ 11 ಎಂದುಕೊಳ್ಳೋಣ. ಬುಕ್ ಮಾಡುವ ದಿನದ ನಿಜವಾದ ದರಗಳನ್ನು ನೀವೇ ಹಾಕಿಕೊಳ್ಳಿ.

• ಬಾಡಿಗೆ, 10 ದಿನ: 20,000 ಕ್ರೋನ್, ಅಂದರೆ 1.8 ಲಕ್ಷ ರೂ.

• ಕ್ಯಾಂಪಿಂಗ್, 9 ರಾತ್ರಿ: 3,600 ಕ್ರೋನ್, ಅಂದರೆ 32,400 ರೂ.

• ಡೀಸೆಲ್, 1,100 ಕಿ.ಮೀ.ಗೆ 121 ಲೀಟರ್: 2,420 ಕ್ರೋನ್, ಅಂದರೆ ಸುಮಾರು 21,800 ರೂ.

ಇದಕ್ಕೆ ವಿಮಾನ, ವೀಸಾ, ಹೆಚ್ಚುವರಿ ವಿಮೆ, ಟೋಲ್, ಫೆರಿ, ದಿನಸಿ ಸೇರಿಸಬೇಕು. ಇದೇ ದಿನಗಳಲ್ಲಿ ನೂರ್‌ಕಾಪ್‌ಗೆ ಹೋಗಿಬಂದರೆ ಡೀಸೆಲ್ ಒಂದಕ್ಕೇ 440 ಲೀಟರ್, ಸುಮಾರು 79,000 ರೂ. ಕೆಲವು ಕಂಪನಿಗಳು ದಿನಕ್ಕೆ ಇಷ್ಟೇ ಕಿ.ಮೀ. ಎಂಬ ಮಿತಿಯನ್ನೂ ಹಾಕುತ್ತವೆ. ಒಂದು ಊರಲ್ಲಿ ಪಡೆದು ಇನ್ನೊಂದು ಊರಲ್ಲಿ ಬಿಟ್ಟರೆ ಬೇರೆ ಶುಲ್ಕ. ಇಬ್ಬರೇ ಹೋಗುವುದಾದರೆ ಸಣ್ಣ ಕಾರು ಮತ್ತು ಕ್ಯಾಂಪಿಂಗ್ ಜಾಗದ ಮರದ ಕ್ಯಾಬಿನ್‌ಗಳ ಖರ್ಚನ್ನೂ ಹೋಲಿಸಿ ನೋಡಿ. ನಾಲ್ವರಿದ್ದು, ಅಡುಗೆ ತಾವೇ ಮಾಡಿಕೊಂಡರೆ ಮೋಟಾರ್‌ಹೋಮ್‌ಗೆ ಕೊಟ್ಟ ಹಣ ಸಾರ್ಥಕವಾಗುವ ಸಾಧ್ಯತೆ ಹೆಚ್ಚು.

ಯಾವುದನ್ನು ಯಾವಾಗ ಮಾಡಬೇಕು?

• 6 ತಿಂಗಳು ಮೊದಲು: ತಿಂಗಳು ಮತ್ತು ದೇಶ ನಿರ್ಧಾರ, ಗಾಡಿ ಬುಕಿಂಗ್ (ರದ್ದತಿ ಷರತ್ತು ಓದಿ), ಪಾಸ್‌ಪೋರ್ಟ್ ಅವಧಿ ಪರಿಶೀಲನೆ. ವಾಪಸಾದ ಮೇಲೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು.

• 4 ತಿಂಗಳು ಮೊದಲು: ದಿನವಾರು ಮಾರ್ಗ, ಕ್ಯಾಂಪಿಂಗ್ ಬುಕಿಂಗ್, ವೀಸಾ ಅರ್ಜಿ.

• 2 ತಿಂಗಳು ಮೊದಲು: ಐಡಿಪಿ, ಕ್ರೆಡಿಟ್ ಕಾರ್ಡ್ ಮಿತಿ ಮತ್ತು ವಿದೇಶ ಬಳಕೆಯ ಅನುಮತಿ.

• 1 ವಾರ ಮೊದಲು: ಘಾಟಿ ರಸ್ತೆಗಳ ಸ್ಥಿತಿ, ಆಫ್‌ಲೈನ್ ನಕ್ಷೆ, ಮಳೆ ಜಾಕೆಟ್. ಬೇಸಿಗೆಯಲ್ಲೂ ಬೆಟ್ಟದ ಮೇಲೆ ಚಳಿ ಇರುತ್ತದೆ. ಕತ್ತಲಾಗದ ರಾತ್ರಿಗಳಿಗೆ ಕಣ್ಣುಪಟ್ಟಿ ಒಯ್ಯಿರಿ.

ಬ್ಯಾಗ್‌ಗಳು ಮೆತ್ತನೆಯವಾಗಿರಲಿ. ಗಟ್ಟಿ ಸೂಟ್‌ಕೇಸ್ ಇಡಲು ಗಾಡಿಯಲ್ಲಿ ಜಾಗ ಸಿಗುವುದಿಲ್ಲ. ಅದನ್ನು ಬಾಡಿಗೆ ಕಂಪನಿಯಲ್ಲೇ ಬಿಟ್ಟುಹೋಗಲು ಅವಕಾಶವಿದೆಯೇ ಎಂದು ಬುಕಿಂಗ್ ಸಮಯದಲ್ಲೇ ಕೇಳಿ.